ಬಿರುಗಾಳಿ ಬಂದ ದ್ವೀಪದಲ್ಲಿ ನಾವಿಬ್ಬರು

ಪುಣೆಯಿಂದ ಹೊರಟ ಬೆಳಿಗ್ಗೆ ನಮ್ಮವರು ಗ್ಯಾಸಿನ ಸಿಲಿಂಡರನ್ನು ಮತ್ತೆ ಮತ್ತೆ ಮುಟ್ಟಿ ನೋಡಿದರು. ಅವರ ಸ್ವಭಾವವೇ ಅದು. ಕುರಕುಂಭದ ರಾಸಾಯನಿಕ ಕಾರ್ಖಾನೆಯೊಂದರಲ್ಲಿ ಸುರಕ್ಷತಾ ಅಧಿಕಾರಿಯಾಗಿ ನೌಕರಿಯ ಕಾಲವನ್ನೆಲ್ಲ ಕಳೆದವರು. ಸಿನಿಮಾಕ್ಕೆ ಹೋದರೂ ಕೂರುವ ಮೊದಲು ಹೊರಬಾಗಿಲು ಎಲ್ಲಿದೆ ಎಂದು ನೋಡಿಕೊಳ್ಳುವವರು. ಅಂಥ ಮನುಷ್ಯ ನಿವೃತ್ತರಾದ ಮೇಲೆ, ನಮ್ಮ ಚರ್ಚಿನ ಸಭೆಯವರು ಹಿರಿಯ ಮಿಷನರಿ ದಂಪತಿಗಳು ಬೇಕೆಂದಾಗ, ಫಿಲಿಪೀನ್ಸಿನ ಪುಟ್ಟ ದ್ವೀಪವೊಂದಕ್ಕೆ ಹೋಗಲು ಒಪ್ಪಿಕೊಂಡು ಬಂದಿದ್ದರು. ನನ್ನನ್ನು ಕೇಳಿಯೇ ಒಪ್ಪಿದ್ದು. ಗದಗಿನಲ್ಲಿ ಹುಟ್ಟಿ ಬೆಳೆದ ನನಗೆ ಸಮುದ್ರವೆಂದರೆ ದಿಗಿಲು ಎಂಬುದನ್ನು ಮಾತ್ರ ನಾನು ಹೇಳಿರಲಿಲ್ಲ.

ಬೀಳ್ಕೊಡಲು ಎದುರುಮನೆಯ ದೇಸಾಯಿ ಕಾಕು ಅವಲಕ್ಕಿ ಕಟ್ಟಿಕೊಂಡು ಬಂದರು. ಹುಬ್ಬಳ್ಳಿಯವರು, ಮನಸ್ಸಿನಲ್ಲಿದ್ದದ್ದನ್ನು ಇಟ್ಟುಕೊಳ್ಳುವವರಲ್ಲ. "ಅಲ್ಲಿಯವರೆಲ್ಲಾ ಮೊದಲ ಕ್ರಿಸ್ತರ ಅದಾರಂತ. ನೀವು ಹೋಗಿ ಹೇಳೂದೇನದರಿ?" ಎಂದರು.

"ಹೇಳಾಕ ಅಲ್ಲರಿ ಕಾಕು," ಎಂದರು ನಮ್ಮವರು. "ಮುದುಕರು, ಜಡ್ಡಿನವರು ಇರ್ತಾರ. ಅವರ ಜೋಡಿ ಕೂಡ್ರಾಕ."

ಮುಂಬಯಿ ವಿಮಾನ ನಿಲ್ದಾಣದವರೆಗೆ ಬಾಡಿಗೆ ಕಾರು. ಖಂಡಾಳಾ ಘಾಟಿನಲ್ಲಿ ಮಂಜು, ಮಳೆ. ಚಾಲಕ, "ಮುಲಗಾ ಆಹೇ ಕಾ ತಿಕಡೆ?" ಎಂದು ವಿಚಾರಿಸಿದ. ಮಗ ಇಲ್ಲ, ನಾವೇ ಕೆಲಸಕ್ಕೆ ಹೋಗುತ್ತಿದ್ದೇವೆ ಎಂದು ಇವರು ಮರಾಠಿಯಲ್ಲಿ ಹೇಳಿದ್ದಕ್ಕೆ ಕನ್ನಡಿಯಲ್ಲಿ ನಮ್ಮ ನರೆಗೂದಲನ್ನೊಮ್ಮೆ ನೋಡಿದ.

ಬ್ಯಾಂಕಾಕಿನಲ್ಲಿ ವಿಮಾನ ಬದಲಿಸಿ ಮನಿಲಾ, ಅಲ್ಲಿಂದ ಸೆಬು, ಸೆಬುವಿನಿಂದ ದೊಡ್ಡ ಹಡಗಿನಲ್ಲಿ ಒಂದು ಬಂದರು ಪಟ್ಟಣ. ಅಲ್ಲಿಯವರೆಗೆ ನಾನು ಹೇಗೋ ತಾಳಿಕೊಂಡೆ. ದ್ವೀಪಕ್ಕೆ ಹೋಗುವ ದೋಣಿಯನ್ನು ಕಂಡಾಗ ಇವರ ತೋಳು ಹಿಡಿದುಕೊಂಡೆ. ಕಿರಿದಾದ ಮರದ ಒಡಲು, ಎರಡೂ ಬದಿಗೆ ಜೇಡನ ಕಾಲಿನ ಹಾಗೆ ಚಾಚಿದ ಬಿದಿರು, ಹಿಂದೆ ಗುಡುಗುಡು ಎನ್ನುವ ಎಂಜಿನ್ನು. ನಡೆಸುವವನ ಹೆಸರು ಬೆರ್ತೊ. ನಲವತ್ತರ ಆಸುಪಾಸಿನ ಮೀನುಗಾರ. ನಾನು ಕಣ್ಣು ಮುಚ್ಚಿ ಕುಳಿತದ್ದನ್ನು ಕಂಡು, "ಲೋಲಾ, ಕಣ್ಣು ತೆರೆಯಿರಿ. ಮುಚ್ಚಿದರೆ ಅಲೆ ಇನ್ನೂ ದೊಡ್ಡದಾಗುತ್ತದೆ," ಎಂದ. ಲೋಲಾ ಎಂದರೆ ಅಜ್ಜಿ. ನಾನು ಕಣ್ಣು ತೆರೆದೆ. ಅಲೆಯೇನೂ ಚಿಕ್ಕದಾಗಲಿಲ್ಲ. ಅವನು ನಗುತ್ತಿದ್ದನಷ್ಟೇ.

ಸಮುದ್ರದ ದಂಡೆಯಲ್ಲಿ ಪಿಲಾರ್ ಎಂಬ ವಿಧವೆಯ ಮನೆಯ ಕೆಳಗಿನ ಕೋಣೆ ನಮ್ಮ ಬಿಡಾರ. ಲಕ್ವ ಹೊಡೆದು ಪಿಲಾರಳ ಒಂದು ಕಾಲು ಎಳೆಯುತ್ತಿತ್ತು. ಆದರೂ ಮೀನು ಒಣಗಿಸಿ ಮಾರುತ್ತಿದ್ದಳು, ಹಿತ್ತಲಲ್ಲಿ ಹಂದಿ ಸಾಕಿದ್ದಳು. ನಮಗಾಗಿ ಬೆಳಿಗ್ಗೆ ಶುಂಠಿ ಹಾಕಿ ಅಕ್ಕಿಗಂಜಿ ಕಾಯಿಸುವಳು. ನಾವು ಮನೆಮನೆಗೆ ಹೋಗುತ್ತಿದ್ದೆವು. ನಾನು ಹೆಂಗಸರ ಜೊತೆ ಕೂತು ಬೈಬಲಿನ ವಾಕ್ಯ ಓದಿಸುವುದು, ಇವರು ಹಾಸಿಗೆ ಹಿಡಿದವರಿಗೆ ಔಷಧಿ ಕುಡಿಸಿ ಗಡ್ಡ ಬೋಳಿಸುವುದು, ಹೀಗೆ. ಅವರ ಬಿಸಾಯ ಭಾಷೆ ನಮ್ಮ ನಾಲಿಗೆಗೆ ಹತ್ತದೆ ಇಂಗ್ಲಿಷಿನಲ್ಲಿ ತೊದಲುತ್ತಿದ್ದೆವು. ಬೆರ್ತೊನ ಹೆಂಡತಿ ಡೆಲಿಯಾ ನನ್ನ ಮಾತನ್ನು ತಿದ್ದಿ ತಿದ್ದಿ ನಗುತ್ತಿದ್ದಳು. ಒಳ್ಳೆಯ ದಿನಗಳು. ಆದರೆ ಒಂದು ರಾತ್ರಿಯೂ ನಾನು ಕಡಲಿನ ಸದ್ದಿಗೆ ಒಗ್ಗಿಕೊಳ್ಳಲಿಲ್ಲ.

ಡಿಸೆಂಬರಿನಲ್ಲಿ ಬಿರುಗಾಳಿಯ ಎಚ್ಚರಿಕೆ ಬಂತು. ಬೇಸಿಗೆಯಲ್ಲಿ ಬಿಸಿಲಿನ ಸುದ್ದಿ ಕೇಳುವಂತೆ ಅಲ್ಲಿಯವರು ಅದನ್ನು ಕೇಳುತ್ತಾರೆ. ಈ ಸಲ ಮಾತ್ರ ಮುದುಕರೂ ಮಾತು ಕಡಿಮೆ ಮಾಡಿದರು. ಬೆರ್ತೊ ದೋಣಿಯನ್ನು ದಡಕ್ಕೆಳೆದು ತೆಂಗಿನ ಮರಕ್ಕೆ ಕಟ್ಟಿದ. ಊರಿನ ಮುಖ್ಯಸ್ಥ, ಅವನನ್ನು ಎಲ್ಲರೂ ಕಪಿತಾನ್ ಎನ್ನುತ್ತಿದ್ದರು, ಧ್ವನಿವರ್ಧಕ ಹಿಡಿದು ಬೀದಿಬೀದಿ ತಿರುಗಿ, ಎಲ್ಲರೂ ದಿಣ್ಣೆಯ ಮೇಲಿನ ಶಾಲೆಗೆ ಬರಬೇಕೆಂದು ಸಾರಿದ. ಸಂಜೆಯ ಆಕಾಶ ಬಾಡಿದ ಅರಿಸಿನದ ಬಣ್ಣಕ್ಕೆ ತಿರುಗಿತ್ತು. ಒಂದು ಎಲೆ ಅಲುಗಲಿಲ್ಲ. ಆ ಗಾಳಿಯಿಲ್ಲದ ಹೊತ್ತಿಗೇ ನಾನು ಹೆಚ್ಚು ಅಂಜಿದೆ.

ಶಾಲೆ ಎರಡು ಅಂತಸ್ತಿನ ಕಾಂಕ್ರೀಟ್ ಕಟ್ಟಡ. ಇವರು ಹೋದ ತಕ್ಷಣ ಮೆಟ್ಟಿಲು, ಕಿಟಕಿ, ಬಾಗಿಲುಗಳನ್ನು ಸುತ್ತಿ ನೋಡಿ ಬಂದರು. "ಗಟ್ಟಿ ಅದ. ಇಲ್ಲೇ ಇದ್ದರ ಏನೂ ಆಗೂದಿಲ್ಲ," ಎಂದರು. ಬೆಳಕು ಹರಿಯುವಾಗ ಗಾಳಿ ಎದ್ದಿತು. ಮೊದಲು ಶಿಳ್ಳೆ, ಆಮೇಲೆ ಲಾರಿ ಏರು ಹತ್ತುವಾಗಿನಂಥ ಮೊರೆತ. ಕಿಟಕಿಯ ಸಂದಿಯಿಂದ ನೋಡಿದರೆ ತಗಡುಗಳು ಹಾಳೆಯ ಹಾಗೆ ಹಾರುತ್ತಿದ್ದವು. ಆಗ ಡೆಲಿಯಾ ಕೂಗಿಕೊಂಡಳು: "ಪಿಲಾರ್ ಎಲ್ಲಿ?"

ಪಿಲಾರ್ ಎಲ್ಲೂ ಇರಲಿಲ್ಲ. ನಸುಕಿನಲ್ಲಿ ಎದ್ದು ಹಂದಿಗಳನ್ನು ಬಿಚ್ಚಿಬಿಟ್ಟು ಬರುತ್ತೇನೆಂದು ಹೋದಳೆಂದು ಬಾಗಿಲ ಬಳಿಯ ಹೆಂಗಸೊಬ್ಬಳು ಹೇಳಿದಳು. ಬೆರ್ತೊ ಹಗ್ಗ ಹೆಗಲಿಗೆ ಹಾಕಿಕೊಂಡ. ಇವರೂ ಎದ್ದು ನಿಂತರು.

"ನೀವೆಲ್ಲಿಗೆ?" ಎಂದೆ.

"ಆಕಿ ಕಾಲು ಎಳದ ನಡೀತಾಳ ಕರುಣಾ. ಒಬ್ಬನ ಕೈಲೆ ಎತ್ತಿ ತರೂದು ಆಗೂದಿಲ್ಲ."

"ನಿಮಗ ವಯಸ್ಸೆಷ್ಟಾತು ಗೊತ್ತದೇನು? ಹೋಗಬ್ಯಾಡ್ರಿ. ಕೈ ಮುಗೀತೀನಿ."

"ಬೆರ್ತೊ ಅದಾನಲ್ಲ," ಎಂದರು. ಅಷ್ಟೇ ಹೇಳಿ ಹೋದರು. ಬಾಗಿಲು ತೆರೆದಾಗ ಒಳಗೆ ನುಗ್ಗಿದ ಮಳೆ ಜಲ್ಲಿಕಲ್ಲಿನ ಹಾಗೆ ಮುಖಕ್ಕೆ ಬಡಿಯಿತು.

ಅನಂತರ ನೀರು ಬಂತು. ಅಲೆ ಎಂದು ನಾನು ಅಂದುಕೊಂಡದ್ದು ಬೇರೆ. ಇದು ಅಲೆಯಲ್ಲ, ಇಡೀ ಕಡಲೇ ಎದ್ದು ಊರೊಳಗೆ ನಡೆದು ಬಂತು. ಕಪ್ಪು ನೀರು, ಅದರ ಮೇಲೆ ತೊಲೆಗಳು, ದೋಣಿಗಳು, ಒಂದು ಮನೆಯ ಇಡೀ ಚಾವಣಿ. ದಿಣ್ಣೆ ಹತ್ತಿ ಕೆಳಗಿನ ಕೋಣೆಗಳಿಗೆ ನುಗ್ಗಿತು. ಎಲ್ಲರೂ ಕಿರುಚುತ್ತ ಮೇಲಿನ ಅಂತಸ್ತಿಗೆ ಓಡಿದೆವು. ಮೆಟ್ಟಿಲುಗಳು ಒಂದೊಂದಾಗಿ ಮುಳುಗುವುದನ್ನು ನೋಡುತ್ತ ನಿಂತೆ. ಡೆಲಿಯಾ ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಉಗುರು ಒಳಗೆ ಇಳಿದಿತ್ತು. ನಮ್ಮಿಬ್ಬರ ಗಂಡಂದಿರೂ ಆ ನೀರಿನಲ್ಲಿದ್ದರು.

ಜನ ನನ್ನ ಕಡೆ ತಿರುಗಿದರು. ಮಿಷನರಿಯಲ್ಲವೇ, ಪ್ರಾರ್ಥನೆ ಮಾಡಿಸಲಿ ಎಂದು. ನಾನು ಬಾಯಿ ತೆರೆದೆ. ಬಾಲ್ಯದಿಂದ ಹೇಳಿಕೊಂಡು ಬಂದ "ಪರಲೋಕದಲ್ಲಿರುವ ನಮ್ಮ ತಂದೆಯೇ" ಎಂಬುದರ ಮುಂದೆ ಒಂದು ಶಬ್ದವೂ ಹೊಳೆಯಲಿಲ್ಲ. ಇಂಗ್ಲಿಷಿನಲ್ಲಿಲ್ಲ, ಕನ್ನಡದಲ್ಲೂ ಇಲ್ಲ. ಡೆಲಿಯಾ ನನ್ನ ಮುಖ ನೋಡಿದಳು. ತಿಳಿಯಿತು ಅವಳಿಗೆ. ತನ್ನ ಭಾಷೆಯಲ್ಲಿ ಅವಳೇ ಆ ಪ್ರಾರ್ಥನೆಯನ್ನು ಶುರು ಮಾಡಿದಳು. ಉಳಿದವರು ಸೇರಿಕೊಂಡರು. ನಾನು ಅವರ ದನಿಯ ನಡುವೆ ಕುಳಿತು ನೀರನ್ನೇ ನೋಡುತ್ತಿದ್ದೆ.

ಮಧ್ಯಾಹ್ನದ ಹೊತ್ತಿಗೆ ನೀರು ಹಿಂದೆ ಸರಿಯಿತು. ಕೆಸರಿನಲ್ಲಿ ಮೊಣಕಾಲವರೆಗೆ ಹೂತುಕೊಳ್ಳುತ್ತ ನಾನು, ಡೆಲಿಯಾ, ಕಪಿತಾನ್ ಕೆಳಗಿಳಿದೆವು. ಬೀದಿ ಎಲ್ಲಿತ್ತೆಂದು ಗೊತ್ತಾಗುವಂತಿರಲಿಲ್ಲ. ಪಿಲಾರಳ ಮನೆ ಇದ್ದಲ್ಲಿ ನೆಲವಷ್ಟೇ ಉಳಿದಿತ್ತು. ಹಿತ್ತಲಿನಾಚೆ ಊರಿನ ಕುಡಿಯುವ ನೀರಿನ ಕಾಂಕ್ರೀಟ್ ಟ್ಯಾಂಕು ನಿಂತಿತ್ತು, ಅದರ ಮೇಲೆ ಎರಡು ಆಕೃತಿಗಳು. ಇವರು ಪಿಲಾರಳನ್ನು ತಬ್ಬಿಕೊಂಡು ಕುಳಿತಿದ್ದರು. ನಾನು ಕೂಗಿದೆ. ಇವರು ನನ್ನ ಕಡೆ ನೋಡಲಿಲ್ಲ, ಡೆಲಿಯಾಳ ಕಡೆ ನೋಡಿದರು. ಅವಳು ಅಲ್ಲೇ ಕೆಸರಿನಲ್ಲಿ ಕುಸಿದು ಕುಳಿತಳು.

ಆಮೇಲೆ ಇವರು ನನಗೆ ಹೇಳಿದ್ದು ಇಷ್ಟು: "ಬೆರ್ತೊ ಮೊದಲ ಪಿಲಾರನ್ನ ಹತ್ತಿಸಿದ. ಆಮ್ಯಾಲ ಎರಡೂ ಕೈ ಕೊಟ್ಟು ನನ್ನ ಮ್ಯಾಲ ದಬ್ಬಿದ. ನಾ ತಿರುಗಿ ಕೈ ಚಾಚೂದ್ರಾಗ ಒಂದು ತೊಲಿ ಬಂದು ಬಡೀತು. ಇರಲಿಲ್ಲ ಕರುಣಾ. ಅಷ್ಟರಾಗ ಇರಲಿಲ್ಲ."

ಮರುದಿನ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರಿನ ನಡುವೆ ಬೆರ್ತೊ ಸಿಕ್ಕಿದ. ಮಣ್ಣು ಮಾಡಿದ ಮೇಲೆ ಡೆಲಿಯಾ ಇವರ ಹತ್ತಿರ ಬಂದು, ಕೊನೆಗೆ ಅವನು ಏನಾದರೂ ಹೇಳಿದನೇ ಎಂದು ಕೇಳಿದಳು. "ಲೋಲೋ, ಮೇಲೆ, ಮೇಲೆ ಎಂದ," ಎಂದರು ಇವರು. ಲೋಲೋ ಎಂದರೆ ಅಜ್ಜ. ಅವಳು ತಲೆಯಾಡಿಸಿ ಹೋದಳು. ಮತ್ತೆ ನಮ್ಮೊಡನೆ ಮಾತಾಡಲಿಲ್ಲ. ಎದುರು ಸಿಕ್ಕರೆ ಇವರೇ ದಾರಿ ಬದಲಿಸುತ್ತಿದ್ದರು. ಗಾಳಿ ತುಸು ಬೀಸಿದರೂ ಗೋಡೆ ಹಿಡಿದು ನಿಲ್ಲುತ್ತಿದ್ದರು. ಈಗ ಪುಣೆಯ ಮನೆಯಲ್ಲೂ ಅಷ್ಟೇ. ಜೂನ್ ತಿಂಗಳ ಗಾಳಿಗೆ ಕಿಟಕಿ ಬಡಿದರೆ ನಾನು ಓಡಿಹೋಗಿ ಮುಚ್ಚಿ ಬರುತ್ತೇನೆ. ಸಭೆಯಲ್ಲಿ ಯಾರಾದರೂ, "ದೇವರು ಜೋಡೀಗೆ ಇದ್ದ, ನಿಮಗ ಅಂಜಿಕಿ ಆಗಿರಲಿಕ್ಕಿಲ್ಲ," ಎಂದರೆ ಇವರು ನೇರವಾಗಿ ಹೇಳಿಬಿಡುತ್ತಾರೆ: "ಅಂಜಿದ್ವಿರಿ. ಭಾಳ ಅಂಜಿದ್ವಿ."

ನಿಮಗೆ ವಯಸ್ಸಾಗಿದೆ, ಸಾಕು, ಮರಳಿ ಬನ್ನಿ ಎಂದು ಸಭೆಯಿಂದ ಕರೆ ಬಂದಾಗ ಪಟ್ಟಣದಿಂದ ಮತ್ತೆ ದೋಣಿಗಳು ಓಡಾಡತೊಡಗಿದ್ದವು. ಹೊರಡುವ ಬೆಳಿಗ್ಗೆ ಕಡಲು ತಟ್ಟೆಯಲ್ಲಿನ ನೀರಿನ ಹಾಗೆ ಸುಮ್ಮನಿತ್ತು. ಪಿಲಾರ್ ಬಾಳೆಲೆಯಲ್ಲಿ ಸುತ್ತಿದ ಅನ್ನ ಕೊಟ್ಟು ಅತ್ತಳು. ದಡದಿಂದ ದೋಣಿಗೆ ಒಂದು ಇಕ್ಕಟ್ಟಾದ ಹಲಗೆ ಹಾಕಿದ್ದರು. ನಾನು ಹೇಗೋ ದಾಟಿದೆ. ಇವರು ಹಲಗೆಯ ಮೇಲೆ ಕಾಲಿಟ್ಟು ಅಲ್ಲೇ ನಿಂತುಬಿಟ್ಟರು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. "ಬರ್ರಿ, ನನ್ನ ಕಡೆ ನೋಡ್ಕೋತ ಬರ್ರಿ," ಎಂದು ಕರೆದೆ.

ಜನರ ಹಿಂದಿನಿಂದ ಡೆಲಿಯಾ ಬಂದಳು. ಕಪ್ಪು ಬಟ್ಟೆ ಉಟ್ಟವಳು ಹಾಗೆಯೇ ಸೊಂಟದವರೆಗೆ ನೀರಿಗಿಳಿದಳು. ದಡದಲ್ಲಿ ಬಿದ್ದಿದ್ದ ಉದ್ದನೆಯ ಬಿದಿರಿನ ಒಂದು ತುದಿಯನ್ನು ದೋಣಿಯವನಿಗೆ ಕೊಟ್ಟು, ಇನ್ನೊಂದನ್ನು ತನ್ನ ಹೆಗಲ ಮೇಲೆ ಇಟ್ಟುಕೊಂಡು ಹಲಗೆಯ ಪಕ್ಕದಲ್ಲಿ ಕಟಾಂಜನದಂತೆ ಹಿಡಿದು ನಿಂತಳು. ಇವರನ್ನು ನೋಡಿ ಗದ್ದವನ್ನು ಸ್ವಲ್ಪ ಎತ್ತಿದಳು. ಇವರು ಬಿದಿರನ್ನು ಹಿಡಿದರು. ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟು, ಒಂದೊಂದೇ ಹೆಜ್ಜೆ ಇಡುತ್ತ ದೋಣಿಗೆ ಬಂದು ಕುಳಿತರು.

ಎಂಜಿನ್ನು ಗುಡುಗುಟ್ಟಿತು. ದೋಣಿ ತಿರುಗಿ ದೂರವಾದ ಮೇಲೆ ನಾನು ಹಿಂದಿರುಗಿ ನೋಡಿದೆ. ದಡದ ಜನ ಚದುರುತ್ತಿದ್ದರು. ಡೆಲಿಯಾ ಮಾತ್ರ ಇನ್ನೂ ನೀರಿನಲ್ಲೇ ಇದ್ದಳು, ಬಿದಿರು ಹೆಗಲ ಮೇಲೆ ಹಾಗೆಯೇ ಇತ್ತು.