ಲಿಮಿಟ್ಟಿನೊಳಗಿನ ನೀರು

ಬಾಣಂತನಕ್ಕೆಂದು ತವರಿಗೆ ಬಂದ ಬಸುರಿ ಮಗಳನ್ನು ವಾರ ತುಂಬುವ ಮೊದಲೇ ಹೆಮ್ಮಿಗೆಯ ಗಂಡನ ಮನೆಗೆ ಬಸ್ಸು ಹತ್ತಿಸಿದ ಮಾದುವನ್ನು ನಾನು ಜಿಪುಣನೆಂದೇ ತಿಳಿದಿದ್ದೆ. ಎಣ್ಣೆ, ಸೀಗೆಪುಡಿ, ಲೇಹ್ಯದ ಖರ್ಚಿಗೆ ಹೆದರಿದ ಅಪ್ಪ ಎಂದು ಅರಳಿಕಟ್ಟೆಯಲ್ಲಿ ತೀರ್ಪು ಕೊಟ್ಟ ಪಂಡಿತರಲ್ಲಿ ನಾನೂ ಒಬ್ಬ. ನಿಜ ಗೊತ್ತಾದದ್ದು ಆಮೇಲೆ.

ನಂಜನಗೂಡಿನ ಕಾರ್ಖಾನೆಗಳ ಮಗ್ಗುಲಿನ ನಮ್ಮೂರಿಗೆ ಮಾದು ನೀರುಗಂಟಿ. ಬೋರ್‌ವೆಲ್ ಮೋಟರ್ ಹಾಕಿ, ಟ್ಯಾಂಕು ತುಂಬಿಸಿ, ಬೀದಿಬೀದಿಗೆ ನೀರು ಬಿಡಬೇಕು. ಹೆಂಗಸರಿಂದ ಬೈಸಿಕೊಳ್ಳುವುದೂ ಅದೇ ಸಂಬಳದಲ್ಲಿ. ಹಳೆಯ ಬೋರಿನ ನೀರಿನಲ್ಲಿ ಸ್ವಲ್ಪ ತಾಮ್ರವಿತ್ತು. ಹೋದ ಬೇಸಿಗೆಯಲ್ಲಿ ಆ ಬೋರು ಸೊರಗಿದಾಗ ಪಂಚಾಯಿತಿಯವರು ಕಾರ್ಖಾನೆಯೊಂದರ ಕಾಂಪೌಂಡಿನ ಪಕ್ಕ ಹೊಸದನ್ನು ಕೊರೆಸಿದರು. ಅದರಲ್ಲಿ ಕೆಮಿಕಲ್ ವಾಸನೆ. ಪರೀಕ್ಷೆಯಲ್ಲಿ ತಾಮ್ರವೂ ಲಿಮಿಟ್ಟಿನೊಳಗೆ, ಕೆಮಿಕಲ್ಲೂ ಲಿಮಿಟ್ಟಿನೊಳಗೆ. ಅಧ್ಯಕ್ಷ ರುದ್ರೇಶ್ ಎರಡನ್ನೂ ಒಂದೇ ಟ್ಯಾಂಕಿಗೆ ಬಿಡಿಸಿ, ಹಾರ ಹಾಕಿಸಿಕೊಂಡು, "ತಾಮ್ರ ಒಳ್ಳೇದು ಕಣ್ರಯ್ಯ, ನಮ್ ತಾತ ತಾಮ್ರದ ಚೆಂಬಲ್ಲೇ ಕುಡೀತಿದ್ದ" ಎಂದು ಭಾಷಣ ಮಾಡಿದರು. ತಾವು ಕುಡಿದದ್ದು ಬಾಟಲಿ ನೀರು.

ಟ್ಯಾಂಕಿನ ನೀರನ್ನು ಪರೀಕ್ಷೆಗೆ ಒಯ್ದಿದ್ದ ಸಂಶೋಧಕಿ ಹೇಮಲತಾ ತಿರುಗಿ ಬಂದು ಮಾದುವಿಗೆ ಬಿಡಿಸಿ ಹೇಳಿದರಂತೆ. ಡಿಎನ್ಎ ಎಂದರೆ ನಮ್ಮ ಜೀವಕೋಶದೊಳಗಿನ ಎಳೆ, ಹೊಟ್ಟೆಯ ಮಗುವಿಗೂ ಇಳಿಯುವಂಥದು. ಲ್ಯಾಬಿನಲ್ಲಿ ಅದಕ್ಕೆ ತಾಮ್ರ ಒಂದನ್ನೇ ಹಾಕಿದರೆ ಏನೂ ಆಗಲಿಲ್ಲ. ಕೆಮಿಕಲ್ ಒಂದನ್ನೇ ಹಾಕಿದರೂ ಆಗಲಿಲ್ಲ. ಎರಡೂ ಕೂಡಿದಾಗ ಎಳೆ ತುಂಡುತುಂಡಾಯಿತು. "ಮನುಷ್ಯರ ಮೈಯಲ್ಲಿ ಏನಾಗುತ್ತೆ ಅಂತ ಈಗಲೇ ಹೇಳಕ್ಕಾಗಲ್ಲ. ನಾನಾಗಿದ್ರೆ ಮಾತ್ರ ಬೆರೆಸ್ತಿರ್ಲಿಲ್ಲ."

ಮಾದು ಹೊಸ ಬೋರು ನಿಲ್ಲಿಸಿದ. ನೀರು ಸಾಲದೆ ಖಾಲಿ ಕೊಡಗಳು ಪಂಚಾಯಿತಿ ಬಾಗಿಲಿಗೆ ಬಂದವು.

"ಮೋಟ್ರು ಹಾಕ್ತೀಯೋ, ಕೆಲ್ಸ ಬುಡ್ತೀಯೋ?" ಎಂದರು ಅಧ್ಯಕ್ಷರು.

ಮಾದು ಮೋಟರ್ ಹಾಕಿದ. ಮನೆಗೆ ಹೋಗಿ ಮಗಳು ನಾಗರತ್ನಳ ಬಟ್ಟೆ ಕಟ್ಟಿಸಿದ.

"ಊರ್ಗೆಲ್ಲ ನೀರ್ ಬುಡ್ತೀಯ, ಹೆತ್ತ ಮಗಳ್ಗೆ ಒಂದ್ ಚೆಂಬು ನೀರ್ಗೆ ಬಡ್ತನವಾ?" ಎಂದು ಹೆಂಡತಿ ಕೆಂಪಾಜಮ್ಮ ಬಾಗಿಲಲ್ಲೇ ಅತ್ತಳು. ಮಾದು ಮಗಳನ್ನು ಬಸ್ಸು ಹತ್ತಿಸಿ ಬಂದು, ಸಂಜೆ ನಮ್ಮ ಬೀದಿಗೆ ನೀರು ಬಿಟ್ಟ. ನಮ್ಮ ಸೊಸೆಯೂ ಬಸುರಿ. ಅವಳನ್ನು ಕಳಿಸಲು ತವರಿಲ್ಲ.

ಮೊನ್ನೆ ರುದ್ರೇಶ್ ಕಟ್ಟೆಯ ಬಳಿ ಮಾದುವನ್ನು ತಡೆದು, ನಾಲ್ಕು ಜನ ಕೇಳಲೆಂದು ದನಿ ಏರಿಸಿದರು.

"ಒಂದೊಂದೂ ಲಿಮಿಟ್ಟೊಳಗೇ ಅದೆ ಅಂತ ರಿಪೋರ್ಟೇ ಬಂದದೆ. ಮತ್ತೆ ಮಗಳ್ನ ಯಾಕ್ಲಾ ಓಡಿಸ್ದೆ?"

"ಅವಳು ಎರಡ್ನೂವೆ ಒಂದೇ ಲೋಟದಲ್ಲಿ ಕುಡೀತಾಳೆ ಕಣ್ಸಾ."