ಕೀಲಿಗಳ ಮೇಲಿನ ಕುಂಕುಮ

ಆಯುಧಪೂಜೆಯ ರಜೆ ಮುಗಿಸಿ ಬಂದು, ಪೀಣ್ಯದ ನಮ್ಮ ಕಾರ್ಖಾನೆಯ ಹೊಸ ಕಂಪ್ಯೂಟರಿಗೆ ನನ್ನ ಪಾಸ್‌ವರ್ಡ್ ಒತ್ತಿದೆ. ಕೈ ತೆಗೆದು ನೋಡಿದೆ. ಪೂಜೆಯಲ್ಲಿ ಪ್ರತಿ ಕೀಲಿಗೂ ಇಟ್ಟಿದ್ದ ಕುಂಕುಮ ನಾನು ಒತ್ತಿದ ಅಕ್ಷರಗಳಲ್ಲಿ ಮಾತ್ರ ಅಳಿಸಿಹೋಗಿತ್ತು! ಜೋಡಿಸಿದರೆ ಲೇತ್ ವಿಭಾಗದ ರಮೇಶನ ಹೆಸರು. ಎಂಬತ್ತರ ದಶಕ, ನಮ್ಮಿಬ್ಬರ ಜಾತಿ ಬೇರೆ ಬೇರೆ, ಮನೆಯಲ್ಲಿನ್ನೂ ಹೇಳಿರಲಿಲ್ಲ.

ಪಕ್ಕದಲ್ಲೇ ಸೂಪರ್‌ವೈಸರ್ ಗಂಗಣ್ಣನವರಿದ್ದರು. ಯಂತ್ರಕ್ಕಿಟ್ಟ ಕುಂಕುಮವನ್ನು ಯಾರಾದರೂ ಒರೆಸಿದರೆ ಗದರುವವರು. ಕೀಲಿಗಳನ್ನು ಒಮ್ಮೆ ನೋಡಿ, ಕರ್ಚೀಫು ತೆಗೆದು, ಉಳಿದ ಕುಂಕುಮವನ್ನೆಲ್ಲ ತಾವೇ ಒರೆಸಿಬಿಟ್ಟರು.

“ಒಳ್ಳೇ ಹುಡ್ಗ ಕಣಮ್ಮ. ಮದ್ವೆಗೆ ನನ್ನ ಮರೀಬೇಡ” ಎಂದಷ್ಟೇ ಹೇಳಿ ಹೋದರು.

ಮಗಳ ಆಫೀಸಿನ ಕಂಪ್ಯೂಟರಿಗೆ ಈಗ ಬೆರಳಿಟ್ಟರೆ ಸಾಕಂತೆ. ಅವಳು ಹಾಗೆಂದಾಗಲೆಲ್ಲ ರಮೇಶ್ ನನ್ನ ಬೆರಳ ತುದಿ ಹಿಡಿದು ಕುಂಕುಮ ಹುಡುಕುತ್ತಾರೆ.