ತುತ್ತಿಟ್ಟ ಕೈ

ಲಕ್ಕವಳ್ಳಿಯಲ್ಲಿ ಅಣೆಕಟ್ಟೆಯ ನೌಕರರು ನಡೆಸಿದ ಚಿತ್ರೋತ್ಸವ ನೋಡಿಕೊಂಡು ತರೀಕೆರೆಯ ಬಸ್ಸು ಹತ್ತಿದ್ದೇನೆ. ಬಯಲಲ್ಲಿ ಕಟ್ಟಿದ ಪರದೆಯ ಮೇಲೆ ಕಂಡ ದೂರದೇಶಗಳ ಹಿಮ, ಕಡಲು, ಕುದುರೆಗಳು ಇನ್ನೂ ಕಿಟಕಿಯಾಚೆಯ ಗದ್ದೆಗಳ ಮೇಲೆ ತೇಲುತ್ತಿವೆ. ಕೊನೆಯ ಚಿತ್ರದಲ್ಲಿ ತಾಯಿ ಮಗನಿಗೆ ತುತ್ತಿಟ್ಟು ಯುದ್ಧಕ್ಕೆ ಕಳಿಸುತ್ತಾಳೆ. ಕಥೆ ಅಲ್ಲಿಗೇ ನಿಲ್ಲುತ್ತದೆ. ಅಂತ್ಯ ಅಪೂರ್ಣ ಎಂದು ವಿಮರ್ಶೆಗೆ ಗೀಚಿಕೊಂಡೆ.

ಪಕ್ಕದ ಸೀಟಿನ ಅಜ್ಜಿಯೂ ಆ ಚಿತ್ರ ನೋಡಿದವರೇ. "ಎಡಗೈಲಿ ತುತ್ತಿಟ್ಟು ಕಳಿಸ್ಬಿಟ್ಳಲ್ಲಪ್ಪಾ, ಆ ಹುಡುಗ ವಾಪಸ್ ಬತ್ತಾನಾ?" ಎಂದು ಮರುಗಿದರು.

"ಬಲಗೈಲೇ ಇಟ್ಟಳಲ್ಲಜ್ಜಿ!"

ಮುಂದೆ ಜನ ಜಾಸ್ತಿಯೆಂದು ಅಜ್ಜಿ ಪರದೆಯ ಹಿಂದುಗಡೆ ಕೂತು ನೋಡಿದ್ದರಂತೆ. ಆ ಕಡೆಯಿಂದ ಬಲಗೈ ಎಡಗೈಯಾಗಿ ಕಾಣುತ್ತದೆ ಎಂದೆ.

ಅಜ್ಜಿ ನಿರಾಳವಾಗಿ ಎಲೆಅಡಿಕೆ ಚೀಲ ಬಿಚ್ಚಿದರು. "ಹಂಗಾದ್ರೆ ಬತ್ತಾನೆ ಬಿಡಪ್ಪಾ."